ತಂಬಾಕು ಬಿಟ್ಟೋನ ಕಾರ್ಡಿಗೊಂದು ಸೈನು

ಬಾಯಿ ಆಮೇಲೆ ತೆಗೀತೀನ್ರಿ ಡಾಕ್ಟ್ರೇ... ಮೊದ್ಲು ಆ ಕಾರ್ಡಿಗೊಂದು ಸೈನ್ ಒಗೀರಿ. ನನ್ನ ಬಾಯಿ ಎಲ್ಲಿಗೂ ಓಡಿ ಹೋಗಲ್ಲ, ಮುಖದ ಮ್ಯಾಲೇ ಇರ್ತೈತೆ. ಫಂಕ್ಷನ್ ಮುಗಿದ ಮ್ಯಾಲೆ ನಾನೇ ಬಂದು ಇದೇ ಕುರ್ಚಿ ಮ್ಯಾಲೆ ಕೂಡ್ರುತೀನಿ, ಒಂದೊಂದು ಹಲ್ಲಿಗೂ ನಂಬರ್ ಕೊಟ್ಟು ನೋಡಿರಂತೆ...

ಯಾಕ ನಗ್ತೀರಿ? ಮಾಸ್ಕ್ ಒಳಗೆ ನಕ್ರೆ ಕಾಣಲ್ಲ ಅನ್ಕಂಡ್ರಾ? ಕಣ್ಣು ಸಣ್ಣಗಾದ್ವು, ನೋಡ್ದೆ ನಾನು.

ಹ್ಞಾಂ? ಹೆಸ್ರು? ಕಾರ್ಡಿನಾಗೇ ಐತಲ್ರಿ. ಬಕ್ಕೇಶ್ ಕೆ., ಹರಿಹರ. ಕೆ ಅಂದ್ರೆ ಕರಿಬಸವರಾಜ, ನಮ್ಮಪ್ಪ. ವಯಸ್ಸು ಇಪ್ಪತ್ತೊಂದು. ಉದ್ಯೋಗ... ಖಾಲಿ ಬಿಡ್ರಿ. ಖಾಲಿ ಬಿಟ್ರೆ ಚೆಂದ ಕಾಣಲ್ಲ ಅಂದ್ರೆ 'ಇವತ್ತಿನ ಮದುಮಗ' ಅಂತ ಬರೀರಿ. ಹೌದ್ರೀ ಮತ್ತೆ! ಹೊರಗೆ ಶಾಮಿಯಾನ ಹಾಕ್ಯಾರಲ್ಲ, ಬೆಳಿಗ್ಗಿಂದ ಹಲೋ ಮೈಕ್ ಟೆಸ್ಟಿಂಗ್ ಅಂತ ಬಡ್ಕೊಳ್ತಾ ಅದಾರಲ್ಲ, ಅದೆಲ್ಲ ಯಾರಿಗೆ ಅನ್ಕಂಡೀರಿ? ಇವತ್ತು ಈ ಕಾಲೇಜನ್ನ 'ತಂಬಾಕು ಮುಕ್ತ ಕ್ಯಾಂಪಸ್' ಅಂತ ಡಿಕ್ಲೇರ್ ಮಾಡ್ತಾರೆ. ಸ್ಟೇಜ್ ಮ್ಯಾಲೆ ಪ್ರಿನ್ಸಿಪಾಲ್ರು, ಅವ್ರ ಪಕ್ಕ ಇಲಾಖೆ ಸಾಹೇಬ್ರು, ಸಾಹೇಬ್ರ ಪಕ್ಕ ನಾನು. ತಂಬಾಕು ಬಿಟ್ಟ ಹುಡುಗ! ಎರಡು ನಿಮಿಷ ಭಾಷಣ ಬ್ಯಾರೆ. ಪಾಲಯ್ಯ ಮೇಷ್ಟ್ರು ಬರ್ಕೊಟ್ಟಾರೆ, ಜೇಬಿನಾಗೈತೆ. "ದುಶ್ಚಟದ ಕೂಪದಿಂದ ಮೇಲೆದ್ದು ಬಂದ ನಾನು..." ಕೂಪ ಅಂದ್ರೇನು ಸರ್ ಅಂದೆ. ಬಾವಿ ಕಣಲೇ ಅಂದ್ರು. ಬಾವಿ ಅಂತಾನೇ ಬರೀಬಾರ್ದಾ?

ಸಾಹೇಬ್ರು ಹರಿಹರ ದಾಟ್ಯಾರಂತೆ. ದಾವಣಗೆರೆಗೆ ಬರಾಕೆ ಇನ್ನ ಇಪ್ಪತ್ತು ನಿಮಿಷ. ಹಂಗಾಗಿ ಬೇಗ... ಪೆನ್ ಇಲ್ವಾ? ನಂದು ತಗಳ್ರಿ.

ಓ... ನೋಡಿದ ಮ್ಯಾಲೇ ಸೈನಾ? ಸರಿ ಬಿಡ್ರಿ. ರೂಲ್ಸ್ ಮನುಷ್ಯರು ನೀವು. ಬ್ಯಾಡ್ಜಿನಾಗೆ ಡಾಕ್ಟರ್ ಚೈತ್ರಾ ಅಂತೈತೆ. ಯಾವೂರ್ರಿ? ಮಾತು ಕೇಳಿದ್ರೆ ಮಲೆಬೆನ್ನೂರು ಕಡೆ ಅನ್ನಿಸ್ತೈತೆ... ಹೌದಾ! ನೋಡಿದ್ರಾ! ಒಂದೇ ತಾಲ್ಲೂಕು ನಾವು. ಒಂದೇ ತಾಲ್ಲೂಕಿನೋರಿಗೆ ಒಂದು ಸೈನು... ಆತು ಆತು. ಬಾಯಿ ತೆಗೀತೀನಿ. ಆದ್ರೆ ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಮಾಡ್ದ ಅನ್ಬ್ಯಾಡ್ರಿ. ನಾನು ಈಗ ಈ ಕಾಲೇಜಿನೋನೇ ಅಲ್ಲ.

ಗಾಬರಿ ಆಗ್ಬ್ಯಾಡ್ರಿ! ಓದ್ತಿದ್ದೆ. ಸೆಕೆಂಡ್ ಬಿಕಾಂನಾಗೆ ಬಿಟ್ಟೆ, ವರ್ಷ ಆತು. ಯಾಕಂದ್ರೆ... ಯಾಕಂದ್ರೆ ಬ್ಯಾಸರ. ಪಾಠ ಬ್ಯಾಸರ, ಮೇಷ್ಟ್ರು ಬ್ಯಾಸರ, ಬೆಂಚು ಬ್ಯಾಸರ. ಪ್ರಿನ್ಸಿಪಾಲ್ರ ಮುಖಕ್ಕೇ ಹೇಳ್ದೆ, ಸರ್, ನಿಮ್ಮ ಕಾಲೇಜು ನೀವೇ ಇಟ್ಕಳ್ರಿ. ಹೇಳಿ ಹರಿಹರದ ಬಸ್ ಹತ್ತಿದೆ. ಅಷ್ಟೇ ಕಥೆ.

ಮತ್ತೆ ಇಲ್ಲಿ ಯಾಕ ಕೂತೀನಿ ಅಂತೀರಾ? ಕೇಳ್ರಿ, ಮಜಾ ಐತೆ. ಹೋದ ವಾರ ಪಾಲಯ್ಯ ಮೇಷ್ಟ್ರು, ಎನ್ನೆಸ್ಸೆಸ್ ನೋಡ್ಕೊಳ್ತಾರಲ್ಲ ಅವ್ರು, ಸ್ಕೂಟಿ ಹೊಡ್ಕೊಂಡು ಹರಿಹರಕ್ಕೆ ನಮ್ಮನೆಗೇ ಬಂದ್ರು. ಅವ್ವ ಚಾ ಕೊಟ್ಲು. ಮೇಷ್ಟ್ರು ಚಾ ಸೊರ್ರಂತ ಕುಡಿದು ಅಂತಾರೆ, "ಬಕ್ಕೇಶಾ, ತಂಬಾಕು ಮುಕ್ತ ಆಗಾಕೆ ಒಂದು ಪಟ್ಟಿ ಮಾಡೀವಪಾ, ಒಂಬತ್ತು ಐಟಂ. ಎಂಟು ಮುಗಿದಾವೆ. ಒಂಬತ್ತನೇದು, ಚಟ ಬಿಟ್ಟ ವಿದ್ಯಾರ್ಥಿ ಒಬ್ಬ ಸ್ಟೇಜ್ ಮ್ಯಾಲೆ ಮಾತಾಡ್ಬೇಕು. ಇಡೀ ಕಾಲೇಜ್ ಜಾಲಾಡಿದ್ವಿ. ಹಿಡಿದೋರು ಬೇಕಾದಷ್ಟು ಮಂದಿ ಅದಾರೆ, ಬಿಟ್ಟೋನು ಒಬ್ಬನೂ ಇಲ್ಲ!" ನಾನಂದೆ, ಸರ್, ನಾನು ಕಾಲೇಜ್ ಬಿಟ್ಟೋನು. ಮೇಷ್ಟ್ರು ಏನಂದ್ರು ಗೊತ್ತಾ? "ಏನೋ ಒಂದು ಬಿಟ್ಟೀಯಲ್ಲಪಾ, ಸಾಕು!"

ನಗ್ರಿ ನಗ್ರಿ. ನಗೋವಂಥದ್ದೇ.

ಸ್ಟೇಜ್ ಮ್ಯಾಲೆ ಎರಡು ನಿಮಿಷ ಮಾತಾಡಿದ್ರೆ ಸೋಮವಾರದಿಂದ ನನ್ನ ಹೆಸ್ರು ಮತ್ತೆ ಹಾಜರಿ ಪುಸ್ತಕದಾಗೆ. ಪ್ರಿನ್ಸಿಪಾಲ್ರೂ ಹ್ಞೂಂ ಅಂದಾರೆ. ಅವ್ವ, ಮರುಳಸಿದ್ದಮ್ಮ ಅಂತ ಅವಳ ಹೆಸ್ರು, ಅವತ್ತೇ ನನ್ನ ಹಳೇ ಬ್ಯಾಗ್ ಒಗೆದು ಹಗ್ಗಕ್ಕೆ ಹಾಕಿದ್ಲು. ಇವತ್ತು ಬೆಳಿಗ್ಗೆ ಅದನ್ನ ಹೆಗಲಿಗೆ ತಾನೇ ನೇತು ಹಾಕಿ, ಬಾಗ್ಲ ತನಕ ಬಂದು ನಿಂತಿದ್ಲು. ಖಾಲಿ ಬ್ಯಾಗು. ಭಾಷಣಕ್ಕೆ ಬ್ಯಾಗ್ ಯಾಕವ್ವ ಅಂದ್ರೆ, "ಸುಮ್ನೆ ಹಾಕ್ಕೊಂಡು ಹೋಗಲೇ" ಅಂದ್ಲು. ಇಗೋ, ಇಲ್ಲೇ ಕಾಲ್ ಹತ್ರ ಐತೆ.

ಈಗ ಅಡ್ಡಗಾಲು ಹಾಕಿರೋದು ಇದೊಂದೇ, ನಿಮ್ಮ ಕಾರ್ಡು. 'ಬಾಯಿ ಪರೀಕ್ಷಿಸಿದೆ, ತಂಬಾಕು ಸೇವನೆ ಇಲ್ಲ.' ಕೆಳಗೆ ಸೈನು. ಅದನ್ನ ಫ್ರೇಮ್ ಹಾಕ್ಸಿ ಸಾಹೇಬ್ರ ಕೈಲಿ ನನಗೇ ಕೊಡಿಸ್ತಾರಂತೆ. ನನ್ನ ಬಾಯಿಗೆ ಫ್ರೇಮು!

ಆ ಅನ್ಬೇಕಾ? ಅಂತೀನಿ, ತಡೀರಿ. ನೀವು ಯಾವ ಗೇಟಿನಾಗೆ ಬಂದ್ರಿ? ಹಿಂದಿನ ಗೇಟಾ? ಹ್ಞೂಂ, ಈಗ ಅದೇ ಮುಂದಿನ ಗೇಟು. ಗೊತ್ತಿಲ್ವಾ? ಅಯ್ಯೋ, ಇದನ್ನ ಕೇಳದೇ ಹೋದ್ರೆ ನೀವು ಹಲ್ಲಿನ ಕ್ಯಾಂಪಿಗೆ ಬಂದಿದ್ದೇ ದಂಡ!

ಪಟ್ಟಿಯಾಗೆ ಎರಡನೇ ಐಟಂ, ಗೇಟಿಂದ ನೂರು ಗಜದೊಳಗೆ ಬೀಡಿ ಸಿಗರೇಟು ಗುಟ್ಕಾ ಏನೂ ಮಾರಂಗಿಲ್ಲ. ನೂರು ಗಜಕ್ಕೆ ರೋಡಿನ ಮ್ಯಾಲೆ ಹಳದಿ ಗೆರೆ ಎಳೀಬೇಕು. ಪಾಲಯ್ಯ ಮೇಷ್ಟ್ರು ಟೇಪ್ ಹಿಡ್ಕೊಂಡು ಹೊರಟ್ರು. ಖಾಜಾ ಹುಸೇನಣ್ಣನ ಬೀಡಾ ಅಂಗಡಿ ಎಷ್ಟು ದೂರ? ಟೇಪ್ ಬಿಚ್ಚೋದ್ರೊಳಗೆ ಅಂಗಡಿ ಬಂತು! ಹನ್ನೊಂದು ಹೆಜ್ಜೆ. ಎತ್ತಿಸ್ಬೇಕು. ಎತ್ತಿಸಾಕೆ ಆಗ್ತೈತೇನ್ರಿ? ಮಳಿಗೆ ಯಾರದು? ಕಾಲೇಜ್ ಅಧ್ಯಕ್ಷರ ಭಾಮೈದಂದು! ಮೂರು ಮೀಟಿಂಗ್ ಆದ್ವು, ಮೂರಕ್ಕೂ ಬೋಂಡ ತರಿಸಿದ್ರು. ಕೊನೆಗೆ ತಲೆ ಓಡಿಸಿದ್ರು ನೋಡ್ರಿ... ಅಂಗಡಿ ಸರಿಸ್ಲಿಲ್ಲ, ಗೇಟ್ ಸರಿಸಿದ್ರು!

ಸತ್ಯ ರೀ! ನಮ್ಮವ್ವನಾಣೆ! ಮುಂದಿನ ಗೇಟಿಗೆ ವೆಲ್ಡಿಂಗ್ ಹೊಡಿಸಿ, ಹಿಂದ್ಗಡೆ ಕಾಂಪೌಂಡ್ ಒಡೆದು ಹೊಸಾ ಗೇಟ್ ನಿಲ್ಲಿಸಿದ್ರು. ಈಗ ಅಳೀರಿ ಬೇಕಾದ್ರೆ. ಗೇಟಿಂದ ಅಂಗಡಿ ಸುತ್ತು ಹಾಕ್ಕೊಂಡು ನೂರಾ ನಲವತ್ತು ಗಜ! ಖಾಜಾ ಹುಸೇನಣ್ಣ ಕೂತ ಜಾಗದಾಗೇ ಕಾನೂನು ಪಾಲಿಸ್ದಂಗಾತು, ಪಾಪ, ಎದ್ದೂ ನಿಂತಿಲ್ಲ ಆ ಮನುಷ್ಯ. ಹುಡುಗ್ರಿಗಂತೂ ಹಬ್ಬ. ಮೊದ್ಲು ಗೇಟ್ ದಾಟಿ ಹೊರಗೆ ಹೋಗ್ಬೇಕಿತ್ತು. ಈಗ ವೆಲ್ಡಿಂಗ್ ಹೊಡೆದ ಸರಳಿನಾಗೆ ಕೈ ಚಾಚಿದ್ರೆ ಅಂಗಡಿಯೇ ಕೈಗೆ ಬರ್ತೈತೆ. ಇನ್ನ ಹೊಸಾ ಗೇಟಿನ ಎದುರಿಗೆ ಏನೈತೆ ನೋಡಿದ್ರಾ? ವೈನ್ ಶಾಪು. ಕೇಳಿದ್ರೆ "ಅದು ತಂಬಾಕಲ್ಲಪಾ, ನಮ್ಮ ಪಟ್ಟಿಯಾಗಿಲ್ಲ" ಅಂತಾರೆ.

ಮೆಟ್ಟಿಲು ಹತ್ತಿ ಬಂದ್ರಲ್ಲ, ಮೂಲೆ ಗೋಡೆಗಳಿಗೆ ಎದೆಮಟ್ಟ ಕೆಂಪು ಬಣ್ಣ ನೋಡಿದ್ರಾ? ಚೆಂದೈತೆ ಅಂದ್ರಾ! ಅದು ಐದನೇ ಐಟಂ ರೀ. ಉಗುಳಿದ ಕಲೆ ಕಾಣಂಗಿಲ್ಲ. ಸುಣ್ಣ ಹೊಡೆದ್ರೆ ಎರಡು ದಿನ, ಮತ್ತೆ ಹುಡುಗ್ರು ಚಿತ್ರ ಬರೀತಾರೆ. ಅದಕ್ಕೆ ಪೇಂಟರ್ ಹಯಾತ್ ಸಾಬ್ರನ್ನ ಕರೆಸಿದ್ರು. ಅವ್ರು ಬಣ್ಣದ ಕಾರ್ಡ್ ತಂದು ಉಗುಳಿನ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ, ಮ್ಯಾಚಿಂಗ್ ನೋಡಿದ್ರು... ನಮ್ಮಕ್ಕ ಸೀರೆಗೆ ಬ್ಲೌಸ್ ಪೀಸ್ ನೋಡ್ತಾಳಲ್ಲ, ಹಂಗೆ! ಈಗ ಎಷ್ಟು ಉಗುಳಿದ್ರೂ ಗೋಡೆ ತಂಬಾಕು ಮುಕ್ತ.

ಪಾಲಯ್ಯ ಮೇಷ್ಟ್ರಾ? ಒಳ್ಳೇ ಮನುಷ್ಯ ಬಿಡ್ರಿ. ತಂಬಾಕಿನ ದುಷ್ಪರಿಣಾಮ ಅಂತ ಮುಕ್ಕಾಲು ಗಂಟೆ ಕೊರೀತಾರೆ, ಮುಗಿಸಿ ಕಿಟಕಿ ಹತ್ರ ಹೋಗಿ ಅಂಗೈಯಾಗೆ ಕಡ್ಡಿಪುಡಿ ಸುಣ್ಣ ಹಾಕಿ ತಿಕ್ತಾರೆ. ಸರ್, ಇದು? ಅಂದೆ. "ಇದು ನಮ್ಮಜ್ಜನ ಕಾಲದ್ದಲೇ, ಇದನ್ನ ತಂಬಾಕು ಅಂತಾರೇನು?" ಅಂದ್ರು. ಕ್ಯಾಂಪಸ್ಸಿನ ತಂಬಾಕು ಮಾನಿಟರ್ ಅವ್ರೇ.

ಎಲ್ಲಾರೂ ಹಂಗೇ ರೀ. ಗುಟ್ಕಾ ಬಂದ್ ಐತೆ ಅಂತೀವಿ. ಅಂಗಡ್ಯಾಗೆ ಏನ್ ಕೊಡ್ತಾರೆ? ಎರಡು ಪಾಕೀಟು. ಒಂದ್ರಾಗೆ ಅಡಿಕೆ ಮಸಾಲ, ಇನ್ನೊಂದ್ರಾಗೆ ತಂಬಾಕು. ಬ್ಯಾರೆ ಬ್ಯಾರೆ ಇದ್ರೆ ವ್ಯಾಪಾರ, ಬಾಯಾಗೆ ಕೂಡಿದ್ರೆ ಗುಟ್ಕಾ. ಕಾನೂನು ತುಟಿ ತನಕ ಬಂದು ನಿಂತ್ಕೊಳ್ತೈತೆ, ಒಳಗೆ ಬರಲ್ಲ.

...ನಾನಾ? ನಾನ್ ಬಿಟ್ಟೀನಿ ಅಂತ ಹೇಳ್ತಾನೇ ಇದೀನಲ್ರಿ. ಮೊದ್ಲು ಎಷ್ಟು ಹಾಕ್ತಿದ್ದೆ ಅಂದ್ರೆ... ದಿನಕ್ಕೆ ನಾಲ್ಕು. ಆರು ಅನ್ಕಳ್ರಿ. ಪರೀಕ್ಷೆ ಟೈಮಿನಾಗೆ ಹತ್ತು, ಹನ್ನೆರಡು... ಯಾಕ ಬರ್ಕೊಳ್ತೀರಿ? ಎಲ್ಲಾ ಮುಗಿದ ಕಥೆ! ಶುರು ಆಗಿದ್ದು ಫಸ್ಟ್ ಪಿಯುಸಿನಾಗೆ. ಬಿಟ್ಟಿದ್ದು... ಎರಡು ವರ್ಷ ಆತು. ಒಂದೂವರೆ... ಒಂದೂವರೆ ವರ್ಷ ಅನ್ರಿ.

ಏನ್ ನೋಡ್ತೀರಿ ಕೆಳಗೆ? ಏನ್ ಬಿತ್ತು?

ಓ... ಇದಾ? ಭಾಷಣದ ಚೀಟಿ ಜೊತೆಗೆ ಬಂದ್ಬಿಟ್ಟೈತೆ. ಇದು ನಂದಲ್ಲ. ಅಂದ್ರೆ ನಂದೇ, ಆದ್ರೆ ಸ್ಟೇಜಿಗೆ! ಮೇಷ್ಟ್ರು ಹೇಳ್ಯಾರೆ, ಭಾಷಣ ಮುಗಿಯೋ ಹೊತ್ತಿಗೆ ಎಲ್ಲಾರ ಮುಂದೆ ಪಾಕೀಟು ಹರಿದು ಬಿಸಾಡ್ಬೇಕಂತೆ, ಫೋಟೋದಾಗೆ ಚೆನ್ನಾಗಿ ಬರ್ತೈತಂತೆ.

...ಆಗ್ಲೇ ಹರಿದೈತಾ? ಹೌದು, ಹರಿದೈತೆ. ರಿಹರ್ಸಲ್ ಮಾಡಿದ್ವಿ.

ಖಾಲಿನೂ ಐತಾ... ಪಕ್ಕಾ ರಿಹರ್ಸಲ್ ರೀ.

ಡಾಕ್ಟ್ರೇ, ಹಂಗ್ ನೋಡ್ಬ್ಯಾಡ್ರಿ. ನೀವು ಪೊಲೀಸ್ ಆಗ್ಬೇಕಿತ್ತು, ಹಲ್ಲಿನ ಕಡೆ ಬಂದು ಕೆಟ್ರಿ. ಸರಿ, ಇವತ್ತು ಬೆಳಿಗ್ಗೆ ಒಂದು... ಒಂದೇ ಒಂದು, ಭಾಷಣದ ಹೆದರಿಕೆಗೆ. ತಂಬಾಕು ಬಿಟ್ಟೆ ಅಂತ ಸಾವಿರ ಮಂದಿ ಮುಂದೆ ಸುಳ್ಳು ಹೇಳ್ಬೇಕಂದ್ರೆ ಧೈರ್ಯಕ್ಕೆ ಏನಾದ್ರೂ ಬ್ಯಾಡ್ವಾ? ನಾಳೆಯಿಂದ ಪಕ್ಕಾ. ಸೋಮವಾರದಿಂದ ಅಂತೂ ಪಕ್ಕಾನೇ ಪಕ್ಕಾ. ಹಾಕ್ರಿ ಸೈನು. ನಿಮ್ಮೊಂದು ಸೈನಿಂದ ಒಬ್ಬ ಹುಡುಗ ಡಿಗ್ರಿ ಮುಗಿಸ್ತಾನೆ ಅನ್ಕಳ್ರಿ. ಹೆಂಗಿದ್ರೂ ಇಲ್ಲಿ ಗೇಟೇ ಸುಳ್ಳು, ಗೋಡೆ ಸುಳ್ಳು, ಮಾನಿಟರ್ ಸುಳ್ಳು, ನನ್ನ ಬಾಯೊಂದೇ ಸತ್ಯ ಹೇಳ್ಬೇಕಾ?

ಖಾರನಾ? ತಿಂತೀನಿ... ತಿಂತಿದ್ದೆ. ಮಂಡಕ್ಕಿ ಜೊತೆ ಮಿರ್ಚಿ, ಕೂತ್ರೆ ಎಂಟಕ್ಕೆ ಕಡಿಮೆ ಎದ್ದೋನಲ್ಲ. ಈಗ ಬಿಟ್ಟೀನಿ. ಹೊಟ್ಟೆ ಉರಿ. ...ಬಾಯಿ ಉರೀನಾ? ಹ್ಞೂಂ, ಬಾಯೂ ಸ್ವಲ್ಪ. ದಾವಣಗೆರೆ ಮಿರ್ಚಿ ಖಾರ ಜಾಸ್ತಿ ಆಗೈತೆ ಈಗೀಗ, ನಿಮಗೆ ಅನ್ನಿಸಲ್ವಾ? ...ಬೆಳಿಗ್ಗೆ ಬ್ರೆಡ್ಡು. ಹಾಲಿನಾಗೆ ಅದ್ದಿ. ರಾತ್ರಿ ಹಾಲು ಅನ್ನ. ನಂಗೆ ಹಾಲು ಇಷ್ಟ ರೀ, ಅದಕ್ಕೂ ಕಾರಣ ಬೇಕಾ? ರೊಟ್ಟಿ ಮಾಡಿದ್ರೆ ಅವ್ವನೇ ಮುರಿದು ಮುರಿದು ಸಾರಿನಾಗೆ ನೆನೆಸಿ ಇಡ್ತಾಳೆ. ಅವಳು ಯಾಕ ಅಂತ ಕೇಳಿಲ್ಲ, ನಾನೂ ಹೇಳಿಲ್ಲ.

ಸೀಟಿ ಹೊಡೀಬೇಕಾ? ಇಲ್ಲಿ? ಹ್ಹ! ಡಾಕ್ಟ್ರೇ, ಸೀಟಿ ಅಂದ್ರೆ ಬಕ್ಕೇಶ, ಬಕ್ಕೇಶ ಅಂದ್ರೆ ಸೀಟಿ. ಕಾಲೇಜ್ ಡೇನಾಗೆ ನಾನ್ ಒಂದು ಹೊಡೆದ್ರೆ ಡಾನ್ಸ್ ಮಾಡೋರು ಸ್ಟೆಪ್ ಮರೀತಿದ್ರು. ಪ್ರಿನ್ಸಿಪಾಲ್ರು ಎರಡು ಸಲ ಸಸ್ಪೆಂಡ್ ಮಾಡ್ಯಾರೆ ಬರೀ ಸೀಟಿಗೆ. ಹೊಡೀತೀನಿ ನೋಡ್ರಿ... ಫೂ... ತಡೀರಿ, ತುಟಿ ಒಣಗೈತೆ... ಫೂ... ಫ್...

ಫಂಕ್ಷನ್ ದಿನ ಸೀಟಿ ಹೊಡೀಬಾರ್ದು ಬಿಡ್ರಿ. ಮರ್ಯಾದೆ ಅಲ್ಲ.

ಆತು, ತೆಗೀತೀನಿ. ತೆಗೆದೆ. ಇದೇ ರೀ! ಇಷ್ಟೇ ನಂದು, ಚಿಕ್ಕ ಬಾಯಿ. ನಮ್ಮ ವಂಶದಾಗೇ ಬಾಯಿ ಚಿಕ್ಕದು, ಮಾತು ದೊಡ್ಡದು. ...ಮೂರು ಬೆರಳಾ? ಬಾಯೊಳಗೆ ನಿಲ್ಲಿಸಿ ಇಡ್ಬೇಕಾ? ಯಾರವು, ನನ್ನವಾ? ಇದೇನ್ ಆಟ ರೀ... ಒಂದು. ನೋಡಿದ್ರಾ, ಸಲೀಸು. ಎರಡು... ಎರಡು... ತಡೀರಿ... ಬೆರಳು ದಪ್ಪ ಅದಾವೆ ನನ್ನವು, ಹೊಲದಾಗೆ ಗೇಯ್ದ ಕೈ... ಯಾವ ಹೊಲ? ಹೊಲ ಎಲ್ಲೈತೆ ನಮಗೆ. ಸುಮ್ನೆ ಅಂದೆ.

ಸ್ಕೇಲ್ ಯಾಕ ತೆಗೀತೀರಿ? ಎಲ್ಲಾರೂ ಅಳೆಯೋರೇ ಆದ್ರಿ ಈ ಕಾಲೇಜಿನಾಗೆ!

ಹ್ಞ್... ಹ್ಞಾ... ಟಾರ್ಚ್ ಕಣ್ಣಿಗೆ ಬೀಳ್ತೈತೆ ರೀ... ಬಲಗಡೆ ನೋಡಿದ್ರಿ, ಆತಲ್ಲ... ಎಡಗಡೆ ಯಾಕ ಅಷ್ಟೊತ್ತು? ಕೆನ್ನೆ ಹಂಗ್ ಎಳೀಬ್ಯಾಡ್ರಿ... ಹ್ಞಾ... ಅಲ್ಲೇನೂ ಇಲ್ಲ. ಹಲ್ಲು ಕಚ್ಚಿ ಆಗಿರೋದು. ಸಣ್ಣದು.

ಮುಗೀತಾ?

...ಏನಾತು? ಪೆನ್ ಯಾಕ ಕೆಳಗಿಟ್ರಿ?

ಬೈರಿ ಬೇಕಾದ್ರೆ. ಸುಳ್ಳು ಹೇಳ್ದೆ, ಬೈರಿ. ಇಷ್ಟೊತ್ತು ನಗ್ತಿದ್ರಲ್ಲ, ಈಗ ಬೈರಿ. ಕಳ್ಳ ಅನ್ರಿ. ಸೈನ್ ಹಾಕಲ್ಲ ಹೋಗಲೇ ಅನ್ರಿ. ನಂಗೆ ಬೈಸ್ಕೊಂಡು ರೂಢಿ ಐತೆ... ಮಾಸ್ಕ್ ಯಾಕ ತೆಗೀತೀರಿ? ಮುಖ ನೋಡಾಕೆ ನಾನೇ ಕೇಳ್ಬೇಕು ಅನ್ಕಂಡಿದ್ದೆ, ಆದ್ರೆ ಹಿಂಗಲ್ಲ... ಆ ಪರದೆ ಯಾಕ ಎಳೀತೀರಿ? ಹೊರಗೆ ಹುಡುಗ್ರು ಕ್ಯೂ ನಿಂತಾರೆ, ಅವ್ರು ಏನ್ ಅನ್ಕಳ್ತಾರೆ?

ಆ ಎಡಗಡೆ ಹುಣ್ಣಾ?

...ಮೊದ್ಲು ಯಾರಿಗೂ ತೋರಿಸಿಲ್ಲ. ಇಲ್ಲ. ಕನ್ನಡಿಗೆ ತೋರಿಸೀನಿ, ದಿನಾ. ಮೊಬೈಲ್ ಟಾರ್ಚ್ ಹಾಕ್ಕೊಂಡು, ಬಚ್ಚಲ ಬಾಗ್ಲು ಹಾಕಿ. ಮೊದ್ಲು ಬೆಳ್ಳಗಿತ್ತು. ಆಮೇಲೆ ಕೆಂಪಾತು. ಈಗ ಅಂಚು ಗಟ್ಟಿ ಆಗೈತೆ, ನಾಲಿಗೆಗೆ ತಾಗ್ತೈತೆ. ಐದು ತಿಂಗಳಾತು. ನೋವಿಲ್ಲ ರೀ! ಸ್ವಲ್ಪನೂ ನೋವಿಲ್ಲ. ನೋವಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತ ಅಲ್ವಾ?

...ಅಲ್ವಾ?

ಕಾಲೇಜ್ ಬಿಟ್ಟಿದ್ದು ಬ್ಯಾಸರಕ್ಕಲ್ಲ. ಪ್ರಿನ್ಸಿಪಾಲ್ರಿಗೆ ನಾನೇನೂ ಹೇಳ್ಲಿಲ್ಲ, ಅವ್ರ ಛೇಂಬರಿನ ಬಾಗ್ಲೂ ನೋಡ್ಲಿಲ್ಲ. ಹೋದ ವರ್ಷ ನನ್ನ ಬರ್ತ್‌ಡೇ ದಿನ ಕ್ಲಾಸಿನಾಗೆ ಕೇಕ್ ತಂದಿದ್ರು. ನಮ್ಮ ಹುಡುಗ್ರು ಗೊತ್ತಲ್ಲ, ಇಬ್ಬರು ಕೈ ಹಿಡೀತಾರೆ, ಒಬ್ಬ ಇಷ್ಟು ದಪ್ಪ ತುಂಡು ಬಾಯಿಗೆ ತುರುಕ್ತಾನೆ. ತುರುಕಿದ. ಹೋಗ್ಲಿಲ್ಲ. ಮತ್ತೆ ತುರುಕಿದ. ಎಲ್ಲಾ ಕೆಳಗೆ ಬಿತ್ತು, ಅಂಗಿ ಮ್ಯಾಲೆ, ಬೆಂಚ್ ಮ್ಯಾಲೆ. "ಬಾಯಿ ತೆಗಿಯಲೇ, ತೆಗಿಯಲೇ!" ಅಂತ ಎಲ್ಲಾರೂ ಕೂಗ್ತಾ ಅದಾರೆ, ಹುಡುಗೀರು ಮೊಬೈಲ್ ಹಿಡ್ದಾರೆ... ತೆಗೆದಿದ್ದೆ ನಾನು. ಅಷ್ಟೇ ತೆಗೆಯಾಕೆ ಆಗಿದ್ದು. ಹಲ್ಲು ನೋವು ಅಂತ ನಕ್ಕೆ. ಎಲ್ಲಾರೂ ನಕ್ರು. ಮಾರನೇ ದಿನದಿಂದ ಕಾಲೇಜಿಗೆ ಅಂತ ಬಸ್ ಹತ್ತಲಿಲ್ಲ.

ಅವತ್ತೇ ಗೊತ್ತಿತ್ತು ರೀ ನಂಗೆ. ಇಲ್ಲೇ ರೋಡಿನಾಗೆ ಎಷ್ಟು ಹಲ್ಲಿನಾಸ್ಪತ್ರೆ ಬೋರ್ಡು. ಆಮೇಲೆ ಬ್ಯಾರೆ ಕೆಲ್ಸಕ್ಕೆ ಬಸ್ಸಿನಾಗೆ ಬಂದ್ರೂ ಆ ಕಡೆ ಕಿಟಕಿಗೆ ಕೂಡ್ರುತ್ತಿರಲಿಲ್ಲ.

ಇದೇನ್ ಬರೀತೀರಿ? ಇದು ಆ ಕಾರ್ಡಲ್ಲ. ಬ್ಯಾರೆ ಚೀಟಿ... ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕಾ? ಇವತ್ತು ಫಂಕ್ಷನ್ ಐತಲ್ರಿ! ನಾಳೆ ಹೋದ್ರೆ ಆಗಲ್ವಾ? ...ಮನೆಯೋರನ್ನ ಕರ್ಕೊಂಡಾ? ಮನೆಯೋರು ಅಂದ್ರೆ ಅವ್ವನೇ. ಅವ್ವಗೆ ಏನಂತ ಹೇಳ್ಲಿ? ಸೋಮವಾರ ಕಾಲೇಜು ಅಂತ ಕೂತಾಳೆ ಅವಳು.

ಕೇಳಿಸ್ತಾ ಮೈಕಿನಾಗೆ? ಸಾಹೇಬ್ರು ಬಂದ್ರು ಕಾಣ್ತೈತೆ. ಪಾಲಯ್ಯ ಮೇಷ್ಟ್ರ ದನಿ. "ತಂಬಾಕನ್ನು ತ್ಯಜಿಸಿ ನಮಗೆಲ್ಲ ಮಾದರಿಯಾದ ಬಕ್ಕೇಶ್ ವೇದಿಕೆಗೆ ಬರಬೇಕು..." ಚಪ್ಪಾಳೆ ಬ್ಯಾರೆ ಹೊಡೀತಾ ಅದಾರೆ. ಕರೀಲಿ ಬಿಡ್ರಿ. ಸೈನ್ ಬ್ಯಾಡ ನಂಗೆ, ಕಾರ್ಡ್ ನೀವೇ ಇಟ್ಕಳ್ರಿ. ಒಂದೇ ಒಂದು ಮಾತು ಹೇಳ್ರಿ ಸಾಕು, ಎದ್ದು ಹೋಗ್ತೀನಿ.

ಅದು... ಆ ದೊಡ್ಡ ಕಾಯಿಲೆ ಅಲ್ಲ ತಾನೆ?

ಡಾಕ್ಟ್ರೇ?

ಕೆಳಗ್ಯಾಕ ನೋಡ್ತೀರಿ... ನನ್ನ ನೋಡಿ ಹೇಳ್ರಿ. 'ಅಲ್ಲ' ಅನ್ರಿ. ಎರಡೇ ಅಕ್ಷರ ರೀ, ಅದಕ್ಕೆ ಇಷ್ಟೊತ್ತು ಬೇಕಾ?